ಒಂದೇ ಹಾಲ್‌ನಲ್ಲಿ ಕಾಗದದ ಕೃತಿಗಳ ಪ್ರದರ್ಶನವೂ ಕಾರ್ಯಾಗಾರವೂ: ಬೆಳಕು, ತೂಗುಹಾಕುವ ಲೆಕ್ಕ, ಕರಾರು

ಗೋಡೆಗೆರೆ (ಪ್ರಶ್ನೆ)

ಕಲಾವಿದರಿಗೆ ಜಾಗ ಕೊಡುವುದು, ಸುತ್ತಲಿನ ಜನರಿಗೆ ಕಲಿಸುವುದು, ಈ ಎರಡು ಕೆಲಸಕ್ಕಾಗಿಯೇ ಇರುವ ಚಿಕ್ಕ ಸಮಕಾಲೀನ ಕಲಾ ಗ್ಯಾಲರಿ ನಮ್ಮದು. 12 × 7 ಮೀಟರ್‌ನ ಒಂದು ಹಾಲ್, ಪಕ್ಕದಲ್ಲಿ ಸಿಂಕ್ ಇರುವ ಸಣ್ಣ ಕೋಣೆ. ಮುಂದಿನ ಪ್ರದರ್ಶನಕ್ಕೆ ಆರು ಕಲಾವಿದರ 32 ಕೃತಿಗಳು ಬರುತ್ತವೆ. ಹೆಚ್ಚಿನವು ಜಲವರ್ಣ ಮತ್ತು ಲಿನೊಕಟ್ (ಲಿನೋಲಿಯಂ ಹಾಳೆ ಕೆತ್ತಿ ತೆಗೆದ ಅಚ್ಚು), ಐದು ಇದ್ದಿಲಿನ ಚಿತ್ರ, ನಾಲ್ಕು ಅಕ್ರಿಲಿಕ್ ಕ್ಯಾನ್ವಾಸ್. ಪ್ರದರ್ಶನ 10 ವಾರ, ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ. ಅದರ ನಡುವೆ ವಾರಕ್ಕೆ ಎರಡು ಸಲ 20 ಜನರ ಕಾರ್ಯಾಗಾರ.

ಕೇಳಬೇಕಾದ್ದು ಇಷ್ಟು: ಬೆಳಕು ಎಷ್ಟಿರಬೇಕು? ಬೇರೆ ಬೇರೆ ಅಳತೆಯ ಫ್ರೇಮ್‌ಗಳನ್ನು ಒಂದು ಸಾಲಿಗೆ ತರುವುದು ಹೇಗೆ? ಕಲಾವಿದರ ಜೊತೆ ಬರವಣಿಗೆಯಲ್ಲಿ ಏನೇನಿರಬೇಕು? ಕಾರ್ಯಾಗಾರದಲ್ಲಿ ಲಿನೊಕಟ್ ಮಾಡಿಸಬಹುದೇ? ಮೌಂಟ್ ಕೆಲಸ (ಫ್ರೇಮಿನೊಳಗೆ ಚಿತ್ರದ ಸುತ್ತ, ನಡುವೆ ಕಿಟಕಿ ಕೊರೆದ ಬೋರ್ಡ್ ಹಾಕುವುದು) ಇನ್ನೂ ಆಗಿಲ್ಲ, ಅದರ ಬಗ್ಗೆಯೂ ಹೇಳಿದರೆ ಅನುಕೂಲ.

ಕಾಗದಹುಳು

ಬೆಳಕಿನಿಂದ ಶುರುಮಾಡಿ, ಏಕೆಂದರೆ ಅಲ್ಲಿ ಆದ ಹಾನಿಯನ್ನು ಯಾರೂ ವಾಪಸ್ ತರಲಾರರು. ಕಾಗದದ ಮೇಲಿನ ಜಲವರ್ಣ, ಅಚ್ಚು, ರೇಖಾಚಿತ್ರಕ್ಕೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ಅಕ್ರಿಲಿಕ್ ಮತ್ತು ತೈಲವರ್ಣಕ್ಕೆ 200 ಲಕ್ಸ್‌ವರೆಗೆ. ಅತಿನೇರಳೆ ಕಿರಣ ಬೆಳಕಿನ ಪ್ರತಿ ಲ್ಯೂಮೆನ್‌ಗೆ 75 ಮೈಕ್ರೋವಾಟ್ ಮೀರಬಾರದು. ಒಳ್ಳೆಯ ಎಲ್‌ಇಡಿ ದೀಪಗಳಲ್ಲಿ ಇದು ತಾನಾಗಿಯೇ ತೀರಾ ಕಡಿಮೆ ಇರುತ್ತದೆ.

ಬಣ್ಣ ಮಾಸುವುದು ಒಟ್ಟು ಬಿದ್ದ ಬೆಳಕಿನ ಲೆಕ್ಕದಲ್ಲಿ. ನಿಮ್ಮ 10 ವಾರ ಅಂದರೆ 480 ಗಂಟೆ. 50 ಲಕ್ಸ್ ಇಟ್ಟರೆ 24,000 ಲಕ್ಸ್-ಗಂಟೆ. ಅದೇ ಗೋಡೆಗೆ 300 ಲಕ್ಸ್ ಬಿಟ್ಟರೆ 1,44,000, ಅಂದರೆ ಆರು ಪ್ರದರ್ಶನಗಳಷ್ಟು ಬೆಳಕನ್ನು ಒಂದರಲ್ಲೇ ತಿನ್ನಿಸಿದಂತೆ. ಬೆಳಿಗ್ಗೆ ಗುಡಿಸುವಾಗ, ಸಂಜೆ ಮೀಟಿಂಗ್ ನಡೆಯುವಾಗ ಪ್ರದರ್ಶನದ ದೀಪ ಹಾಕಬೇಡಿ. ಆ ಕೆಲಸಗಳಿಗೆ ಬೇರೆ ಸ್ವಿಚ್ ಇರಲಿ.

ಲಕ್ಸ್ ಮೀಟರ್ ಒಂದು ಬೇಕೇ ಬೇಕು. ಫೋನ್ ಆ್ಯಪ್ ನಂಬಬೇಡಿ, ಒಂದು ಫೋನಿಗೂ ಇನ್ನೊಂದಕ್ಕೂ ಅಳತೆ ಹೊಂದುವುದಿಲ್ಲ. ಸೆನ್ಸರನ್ನು ಚಿತ್ರದ ಮೇಲ್ಮೈಗೆ ಸಮಾನಾಂತರವಾಗಿ, ಹೊರಮುಖ ಮಾಡಿ ಹಿಡಿದು ನಾಲ್ಕು ಮೂಲೆ ಮತ್ತು ನಡು ಅಳೆಯಿರಿ. ಸ್ಪಾಟ್ ದೀಪ ಲಂಬರೇಖೆಯಿಂದ ಸುಮಾರು 30 ಡಿಗ್ರಿ ವಾಲಿರಲಿ. ಅದಕ್ಕಿಂತ ಕಡಿಮೆ ಆದರೆ ಫ್ರೇಮಿನ ಮೇಲಂಚಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ಹೆಚ್ಚಾದರೆ ಗಾಜು ನೋಡುಗರ ಕಣ್ಣಿಗೆ ಹೊಳೆಯುತ್ತದೆ. ಬಣ್ಣ ಸರಿಯಾಗಿ ಕಾಣಲು ದೀಪದ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ, 100ಕ್ಕೆ ಹಾಕುವ ಅಂಕ) 90ರ ಮೇಲಿರಲಿ.

ಮೌಂಟ್: ಆಮ್ಲರಹಿತ ಬೋರ್ಡ್ ಮಾತ್ರ. ಸಾಧಾರಣ ಬೋರ್ಡಿನ ಆಮ್ಲ ಕಿಟಕಿಯಂಚಿನ ಉದ್ದಕ್ಕೂ ಕಂದು ಗೆರೆ ಎಳೆದುಬಿಡುತ್ತದೆ, ಅದು ಹೋಗುವುದಿಲ್ಲ. ಕೃತಿಯನ್ನು ಮೇಲಂಚಿನಲ್ಲಿ ಎರಡೇ ಕೀಲುಗಳಿಂದ ತೂಗುಬಿಡಿ. ಕೀಲಿಗೆ ತೆಳು ಜಪಾನಿ ಕಾಗದ, ಅಂಟಿಗೆ ಗೋಧಿ ಪಿಷ್ಟದ ಗಂಜಿ. ನಾಲ್ಕೂ ಕಡೆ ಅಂಟಿಸಿದರೆ ಗಾಳಿಯ ತೇವ ಏರಿದಾಗ ಹಿಗ್ಗಿದ ಕಾಗದಕ್ಕೆ ಹೋಗಲು ಜಾಗವಿಲ್ಲದೆ ಅಲೆ ಅಲೆಯಾಗಿ ಉಬ್ಬುತ್ತದೆ. ಕೀಲು ಯಾವಾಗಲೂ ಕೃತಿಯ ಕಾಗದಕ್ಕಿಂತ ದುರ್ಬಲ ಇರಬೇಕು. ಫ್ರೇಮ್ ಬಿದ್ದರೆ ಹರಿಯಬೇಕಾದ್ದು ಕೀಲು, ಚಿತ್ರವಲ್ಲ. ಸೆಲೋಟೇಪ್, ಡಬಲ್ ಟೇಪ್ ಕೃತಿಯ ಹತ್ತಿರವೂ ಸುಳಿಯಬಾರದು.

ಇನ್ನೊಂದು: ಗೋಡೆಗೆ ಹೊಸ ಬಣ್ಣ ಬಳಿದರೆ ತೂಗುಹಾಕುವ ಮೊದಲು ಕಿಟಕಿ ತೆರೆದಿಟ್ಟು ಎರಡು ವಾರ ಬಿಡಿ.

ಮಟ್ಟಗೋಲು

ಸಾಲಿಗೆ ತರುವುದು ಫ್ರೇಮಿನ ಮೇಲಂಚನ್ನಲ್ಲ, ನಡುವನ್ನು. ನೆಲದಿಂದ 150 ಸೆಂ.ಮೀ.ಗೆ ಎಲ್ಲಾ ಕೃತಿಗಳ ನಡುಭಾಗ ಬರಲಿ. ಮಕ್ಕಳು, ಗಾಲಿಕುರ್ಚಿಯಲ್ಲಿ ಬರುವವರು ಹೆಚ್ಚಿದ್ದರೆ 140ಕ್ಕೆ ಇಳಿಸಿ. ಹೇಗೂ ಒಂದೇ ಸಂಖ್ಯೆ ಹಿಡಿದು ಇಡೀ ಹಾಲ್‌ಗೆ ಅದನ್ನೇ ಪಾಲಿಸಿ.

ಮೊಳೆಯ ಎತ್ತರ = ನಡುರೇಖೆ + ಫ್ರೇಮಿನ ಅರ್ಧ ಎತ್ತರ − ಎಳೆದು ಹಿಡಿದ ತಂತಿಯ ತುದಿಯಿಂದ ಮೇಲಂಚಿಗಿರುವ ದೂರ. 60 ಸೆಂ.ಮೀ. ಎತ್ತರದ ಫ್ರೇಮ್, ತಂತಿ ಎಳೆದಾಗ ಮೇಲಂಚಿನಿಂದ 8 ಸೆಂ.ಮೀ. ಕೆಳಗೆ ನಿಲ್ಲುತ್ತದೆ ಎಂದುಕೊಳ್ಳಿ: 150 + 30 − 8 = 172. ತಂತಿಯನ್ನು ಸಡಿಲವಾಗಿ ಬಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಮೊಳೆಗೆ ಹಾಕಿದಾಗ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿಯಾಗಿ ಬೆರಳಿನಿಂದ ಎಳೆದು ಅಳೆಯಿರಿ.

ತಂತಿಯನ್ನು ತೀರಾ ಚಪ್ಪಟೆಯಾಗಿ ಕಟ್ಟುವುದು ಸಾಮಾನ್ಯ ತಪ್ಪು. ಅಡ್ಡರೇಖೆಗೆ 30 ಡಿಗ್ರಿ ಕೋನದಲ್ಲಿದ್ದರೆ 10 ಕೆಜಿ ಫ್ರೇಮಿಗೆ ತಂತಿಯ ಪ್ರತಿ ಬದಿಯಲ್ಲೂ 10 ಕೆಜಿಯಷ್ಟು ಎಳೆತ. 10 ಡಿಗ್ರಿಗೆ ಇಳಿದರೆ ಅದೇ ಫ್ರೇಮಿಗೆ ಸುಮಾರು 29 ಕೆಜಿ. ಡಿ-ರಿಂಗ್‌ನ (ಫ್ರೇಮಿನ ಹಿಂದೆ ಕೂರಿಸುವ ಡಿ ಆಕಾರದ ಬಳೆ) ಸ್ಕ್ರೂ ಮರದಿಂದ ಕಿತ್ತು ಬರುವುದು, ಫ್ರೇಮಿನ ಮೂಲೆ ಬಿರಿಯುವುದು ಇದರಿಂದಲೇ. ನನ್ನ ಆಯ್ಕೆ ತಂತಿಯೇ ಇಲ್ಲದೆ ಎರಡು ಡಿ-ರಿಂಗ್, ಎರಡು ಕೊಕ್ಕೆ. ಕೊರೆಯುವಾಗ ಹೆಚ್ಚು ನಿಖರತೆ ಬೇಕು, ನಿಜ. ಆದರೆ ಒಮ್ಮೆ ಹಾಕಿದರೆ ಯಾರ ಭುಜ ತಾಗಿದರೂ ಚಿತ್ರ ವಾಲುವುದಿಲ್ಲ. 20 ಜನ ಓಡಾಡುವ ಕಾರ್ಯಾಗಾರ ಇರುವಲ್ಲಿ ಬೇರೆ ಯೋಚನೆಯೇ ಬೇಡ.

ಫ್ರೇಮಿನ ಕೆಳ ಮೂಲೆಗಳ ಹಿಂದೆ ರಬ್ಬರ್ ಅಥವಾ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡಲಿ. ಹೊರಗೋಡೆಯಲ್ಲಿ ಇದನ್ನು ಬಿಟ್ಟರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.

ಕರಾರುಪತ್ರ

ಬರವಣಿಗೆ ಎರಡು ಪುಟ ಸಾಕು, ಆದರೆ ಕೃತಿ ಗ್ಯಾಲರಿಯ ಬಾಗಿಲು ದಾಟುವ ಮೊದಲೇ ಸಹಿ ಆಗಿರಬೇಕು. ಇರಲೇಬೇಕಾದ ವಿಷಯಗಳು: ಮಾರಾಟವಾಗಿ ಪೂರ್ತಿ ಹಣ ಬರುವವರೆಗೂ ಕೃತಿಯ ಒಡೆತನ ಕಲಾವಿದರದೇ. ಕೃತಿಸ್ವಾಮ್ಯ ಮಾರಾಟದ ನಂತರವೂ ಅವರದೇ, ಕೊಂಡವರಿಗೆ ಹೋಗುವುದು ವಸ್ತು ಮಾತ್ರ. ಕಮಿಷನ್ ಎಷ್ಟು ಶೇಕಡಾ, ಅದು ಫ್ರೇಮಿನ ಖರ್ಚು ಕಳೆದ ಮೇಲೋ ಮೊದಲೋ. ರಿಯಾಯಿತಿ ಕೊಟ್ಟರೆ ಯಾರ ಪಾಲಿನಿಂದ ಹೋಗುತ್ತದೆ. ಮಾರಾಟವಾದ ಎಷ್ಟು ದಿನದೊಳಗೆ ಕಲಾವಿದರ ಕೈಗೆ ಹಣ. 30 ದಿನ ನ್ಯಾಯವಾದ ಗಡುವು. ಸಾಗಣೆ ಯಾರದು, ಮಾರಾಟವಾಗದ ಕೃತಿ ಯಾವ ದಿನಾಂಕಕ್ಕೆ ವಾಪಸ್. ವಿಮೆ ಕಲಾವಿದರ ಗೋಡೆಯಿಂದ ಇಳಿದ ಕ್ಷಣದಿಂದ ಅದೇ ಗೋಡೆಗೆ ಮರಳುವವರೆಗೂ ಇರಲಿ. ಗ್ಯಾಲರಿಯ ಒಳಗಷ್ಟೇ ಎಂದರೆ ಒಡೆಯುವುದು ದಾರಿಯಲ್ಲಿ.

ನಿಮ್ಮಂಥ ಗ್ಯಾಲರಿಗೆ ಇನ್ನೆರಡು ಸಾಲು ಬೇಕು. ಒಂದು, ಕಾರ್ಯಾಗಾರದ ಕೈಪಿಡಿಯಲ್ಲಿ, ಪೋಸ್ಟರ್‌ನಲ್ಲಿ ಕೃತಿಯ ಚಿತ್ರ ಬಳಸಲು ಪ್ರತ್ಯೇಕ ಒಪ್ಪಿಗೆ. ಪ್ರದರ್ಶನಕ್ಕೆ ಒಪ್ಪಿದ ಮಾತ್ರಕ್ಕೆ ನಕಲಿಗೂ ಒಪ್ಪಿದಂತಲ್ಲ. ಇನ್ನೊಂದು, ಕಲಾವಿದರು ಕಾರ್ಯಾಗಾರ ನಡೆಸಿಕೊಟ್ಟರೆ, ಮಾತುಕತೆಗೆ ಬಂದರೆ ಅದಕ್ಕೆ ಬೇರೆ ಸಂಭಾವನೆ. ಮಾರಾಟದ ಆಸೆ ತೋರಿಸಿ ಕಲಿಸುವ ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ಅನ್ಯಾಯ. ಕೆನಡಾದಲ್ಲಿ ಕಲಾವಿದರು 1968ರಲ್ಲಿ ಕಾರ್ಫ್ಯಾಕ್ ಎಂಬ ಸಂಘಟನೆ ಕಟ್ಟಿದ್ದು ಪ್ರದರ್ಶನಕ್ಕೇ ಶುಲ್ಕ ಸಿಗಬೇಕೆಂದು. 1988ರಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಾಯ್ದೆಗೇ ಪ್ರದರ್ಶನದ ಹಕ್ಕು ಸೇರಿತು. ಅಂಥ ಕಾಯ್ದೆ ಇಲ್ಲದ ಕಡೆಯೂ ಗ್ಯಾಲರಿ ತಾನಾಗಿಯೇ ಕೊಡಬಹುದು, ಯಾರೂ ತಡೆಯುವುದಿಲ್ಲ.

ಕೃತಿ ಕೈಗೆ ಬಂದಾಗ ಸ್ಥಿತಿವರದಿ: ಮುಂದಿನ, ಹಿಂದಿನ ಫೋಟೊ, ಜೊತೆಗೆ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಇನ್ನೊಂದು ಫೋಟೊ. ನೇರ ಬೆಳಕಲ್ಲಿ ಕಾಣದ ಮಡಿಕೆ, ತಗ್ಗು, ಬಣ್ಣದ ಬಿರುಕು ಓರೆ ಬೆಳಕಲ್ಲಿ ಎದ್ದು ಬರುತ್ತವೆ. ಇಬ್ಬರೂ ಸಹಿ ಮಾಡಿ. ವಾಪಸ್ ಕೊಡುವಾಗ ಅದೇ ಹಾಳೆ ಹಿಡಿದು ಮತ್ತೊಮ್ಮೆ ನೋಡಿ.

ಗೋಡೆಗೆರೆ

ಎಲ್ಲರಿಗೂ ಧನ್ಯವಾದ. ಎರಡು ತೊಡಕು ಉಳಿದಿವೆ. ಹಾಲ್‌ನ ಪೂರ್ವಕ್ಕೆ ದೊಡ್ಡ ಕಿಟಕಿ ಇದೆ. ಮತ್ತೆ, ಒಡೆಯುವ ಭಯಕ್ಕೆ ಎಲ್ಲಾ ಫ್ರೇಮಿಗೂ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕೋಣ ಅಂದುಕೊಂಡಿದ್ದೇವೆ, ಸರಿಯೇ?

ಕಾಗದಹುಳು

ಜಲವರ್ಣ, ಲಿನೊಕಟ್‌ಗೆ ಅಕ್ರಿಲಿಕ್ ಹಾಳೆ ಒಳ್ಳೆಯದೇ, ಅತಿನೇರಳೆ ತಡೆಯುವ ಬಗೆ ಸಿಕ್ಕರೆ ಇನ್ನೂ ಒಳ್ಳೆಯದು. ಇದ್ದಿಲಿಗೆ ಬೇಡ. ಒರೆಸಿದ ಕೂಡಲೇ ಅಕ್ರಿಲಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಇದ್ದಿಲಿನ ಪುಡಿಯನ್ನು ಕಾಗದದಿಂದ ಎಳೆದುಕೊಳ್ಳುತ್ತದೆ. ಆ ಐದಕ್ಕೂ ಗಾಜೇ ಇರಲಿ, ಕೃತಿಗೂ ಗಾಜಿಗೂ ನಡುವೆ ಕನಿಷ್ಠ 5 ಮಿ.ಮೀ. ಅಂತರ. ಕಿಟಕಿ ಮೌಂಟಿನ ಹಿಂದೆ, ಕಿಟಕಿಯಂಚಿನಿಂದ ಹೊರಕ್ಕೆ ಸರಿದಂತೆ, ಅಂತರದ ಪಟ್ಟಿ ಕೊಟ್ಟರೆ ಉದುರಿದ ಪುಡಿ ಮೌಂಟಿನ ಹಿಂದಕ್ಕೆ ಇಳಿಯುತ್ತದೆ, ಬಿಳಿ ಅಂಚಿನ ಮೇಲೆ ಕೂರುವುದಿಲ್ಲ. ಒಯ್ಯುವಾಗ ಚಿತ್ರದ ಮುಖ ಮೇಲಕ್ಕಿರಲಿ.

ಕಿಟಕಿಗೆ ಅತಿನೇರಳೆ ಫಿಲ್ಮ್ ಹಾಕಿದರೆ ಸಾಲದು, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಮಾಸಿಸುತ್ತದೆ. ಎದುರಿನ ಗೋಡೆಗೆ ಕಾಗದದ ಕೃತಿ ಇಡಲೇಬೇಡಿ. ಕ್ಯಾನ್ವಾಸ್ ಹಾಕುವುದಾದರೂ ಪರದೆ ಇಳಿಸಿ 200 ಲಕ್ಸ್ ಒಳಗೆ ಬರುತ್ತದೆಯೇ ಅಳೆಯಿರಿ. ಬಾಗಿಲಿನಿಂದ ಒಳಕ್ಕೆ ಬೆಳಕು ಹಂತಹಂತವಾಗಿ ಇಳಿಯಲಿ. ಬಿಸಿಲಿನಿಂದ ನೇರ 50 ಲಕ್ಸ್‌ಗೆ ಬಂದವರಿಗೆ ಹಾಲ್ ಕತ್ತಲೆಯಾಗಿ ಕಾಣುತ್ತದೆ, ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. "ದೀಪ ಜಾಸ್ತಿ ಮಾಡಿ" ಎಂಬ ದೂರು ಬರುವುದು ಬಹುಪಾಲು ಇದರಿಂದ.

ರೋಲರ್ ಮಸಿ

ಆ ಕಿಟಕಿಯೇ ನಿಮ್ಮ ಕಲಿಕೆಯ ಜಾಗ. ಚಿತ್ರ ಬರೆಯಲು ಜನರಿಗೆ 300ರಿಂದ 500 ಲಕ್ಸ್ ಬೇಕು, ಕೃತಿಗೆ 50. ಎರಡನ್ನೂ ಒಂದೇ ನೋಟದೊಳಗೆ ಇಟ್ಟರೆ ಬೆಳಗಿದ ಮೇಜು ಗಾಜಿನಲ್ಲಿ ಪ್ರತಿಫಲಿಸಿ ಚಿತ್ರ ಮರೆಯಾಗುತ್ತದೆ. ಮೇಜನ್ನು ಕಿಟಕಿಯ ಬಳಿ ಇಟ್ಟು, ಅದಕ್ಕೆ ಬೆನ್ನು ಕೊಟ್ಟಂತೆ ಒಂದು ಅಡ್ಡಗೋಡೆ ನಿಲ್ಲಿಸಿ. ಹಾಲ್‌ನೊಳಗೆ ಪೆನ್ಸಿಲ್ ಮಾತ್ರ. ಮಸಿ, ನೀರು, ಒದ್ದೆ ಕಾಗದ ಎಲ್ಲಾ ಸಿಂಕ್ ಕೋಣೆಯಲ್ಲಿ, ಬಾಗಿಲು ಮುಚ್ಚಿ. 20 ಹಾಳೆ ಒಣಗುವಾಗ ಏಳುವ ತೇವ ಮೌಂಟಿನೊಳಗಿನ ಕಾಗದಕ್ಕೂ ತಲುಪುತ್ತದೆ.

20 ಜನರನ್ನು ಹತ್ತು ಹತ್ತಾಗಿ ಒಡೆಯಿರಿ. ಒಂದು ಗುಂಪು ಹಾಲ್‌ನಲ್ಲಿ ನೋಡುತ್ತದೆ, ಇನ್ನೊಂದು ಅಚ್ಚು ತೆಗೆಯುತ್ತದೆ, 45 ನಿಮಿಷಕ್ಕೆ ಅದಲುಬದಲು. ಹತ್ತು ಜನ ಒಂದು ಚಿತ್ರದ ಮುಂದೆ ಅರ್ಧವೃತ್ತ ನಿಲ್ಲಲು ಸುಮಾರು 3 ಮೀಟರ್ ಅಗಲ, 2.5 ಮೀಟರ್ ಆಳ ಬೇಕು. ಯಾವ ಮೂರು ಕೃತಿಗಳ ಮುಂದೆ ನಿಲ್ಲಿಸುತ್ತೀರಿ ಎಂದು ಗೋಡೆಯ ನಕ್ಷೆ ಹಾಕುವಾಗಲೇ ತೀರ್ಮಾನಿಸಿ. ತೂಗುಹಾಕಿದ ಮೇಲೆ ಯೋಚಿಸಿದರೆ ಬೇಕಾದ ಕೃತಿ ಯಾವುದೋ ಕಂಬದ ಹಿಂದೆ ಸಿಕ್ಕಿಕೊಂಡಿರುತ್ತದೆ.

ನೋಡುವಾಗ ಏನು ಮಾಡಿಸುವುದು? ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸೆನ್ ಮತ್ತು ಮ್ಯೂಸಿಯಂ ಶಿಕ್ಷಣತಜ್ಞ ಫಿಲಿಪ್ ಯೆನಾವಿನ್ ರೂಪಿಸಿದ ವಿಧಾನ ಚೆನ್ನಾಗಿ ಹೊಂದುತ್ತದೆ. ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೆಯುತ್ತಿದೆ, ಹಾಗೆ ಹೇಳಲು ಏನು ಕಂಡಿತು, ಇನ್ನೇನು ಕಾಣುತ್ತದೆ. ನಡೆಸುವವರು ಪ್ರತಿ ಉತ್ತರವನ್ನೂ ತಮ್ಮ ಮಾತಲ್ಲಿ ಮತ್ತೆ ಹೇಳಿ, ಚಿತ್ರದ ಆ ಭಾಗವನ್ನು ದೂರದಿಂದಲೇ ಬೆರಳು ಮಾಡಿ ತೋರಿಸುತ್ತಾರೆ. ಸರಿ, ತಪ್ಪು ಎನ್ನುವುದಿಲ್ಲ. ಒಂದು ಕೃತಿಗೆ 15 ನಿಮಿಷ. ಲೇಬಲ್ ಓದಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಓದಿದರೆ ಎಲ್ಲರೂ ಲೇಬಲ್‌ನಲ್ಲಿರುವುದನ್ನೇ ಕಾಣುತ್ತಾರೆ.

ಇನ್ನು ಲಿನೊ. 45 ನಿಮಿಷದಲ್ಲಿ ಲಿನೊ ಕೆತ್ತಿ ಅಚ್ಚು ತೆಗೆಸಲಾಗದು. ಮೊದಲ ಸಲ ಫೋಮ್ ಹಾಳೆ ಕೊಡಿ, ಪೆನ್ಸಿಲ್‌ನಿಂದ ಒತ್ತಿ ಗೀರಿದರೆ ಅಚ್ಚು ತಯಾರು. ಚಿಕ್ಕ ಮಕ್ಕಳಿಗೂ ಇದೇ. ಲಿನೊಗೆ ಎರಡು ಗಂಟೆಯ ಪ್ರತ್ಯೇಕ ತರಗತಿ ಇಡಿ: 3.2 ಮಿ.ಮೀ. ದಪ್ಪದ ಲಿನೊ, ತಲಾ 10 × 15 ಸೆಂ.ಮೀ. ಕೆತ್ತುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿ. ತಣ್ಣಗಿರುವ ಲಿನೊ ಗಡುಸು, ಉಳಿ ಜಾರುತ್ತದೆ. ಪ್ರತಿ ಮೇಜಿಗೂ ಅಂಚಿಗೆ ಸಿಕ್ಕಿಸುವ ತಡೆಹಲಗೆ ಇರಲಿ, ಹಿಡಿದ ಕೈ ಯಾವತ್ತೂ ಉಳಿಯ ಹಿಂದೆಯೇ ಇರಲಿ. ಮೊಂಡು ಉಳಿ ಹೆಚ್ಚು ಅಪಾಯ, ಬಲ ಹಾಕಿ ತಳ್ಳಬೇಕಾಗುತ್ತದೆ. ಅಕ್ಷರ ಕೆತ್ತುವವರಿಗೆ ಉಲ್ಟಾ ಬರೆಯಲು ನೆನಪಿಸಿ.

ಮಸಿಯೇ ಮುಖ್ಯ ಪಾಠ. ನೀರಿನಲ್ಲಿ ತೊಳೆಯಬಹುದಾದ ಮಸಿ ಒಂದು ಟೀ ಚಮಚದಷ್ಟು, ನಯವಾದ ಅಕ್ರಿಲಿಕ್ ತುಂಡಿನ ಮೇಲೆ. ರೋಲರ್ ಉದ್ದಕ್ಕೆ ಎಳೆದು, ಎತ್ತಿ, ಅಡ್ಡಕ್ಕೆ ಎಳೆಯಿರಿ. ಮಸಿ ಹೆಚ್ಚಿದ್ದರೆ ಪಚಪಚ ಸದ್ದು, ಮೇಲ್ಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ಗುಳಿಗಳು. ಸರಿಯಾದ ಹದಕ್ಕೆ ಬಂದಾಗ ಗುಳಿ ಹೋಗಿ ಮಖಮಲ್ಲಿನ ಮಂಕು ಹೊಳಪು, ಸದ್ದು ತೆಳುವಾದ ಸರಸರ. ಲಿನೊ ಮೇಲೆ ಒಂದೇ ಸಲ ದಪ್ಪಕ್ಕೆ ಹಚ್ಚದೆ ಮೂರು ನಾಲ್ಕು ತೆಳು ಪದರ. ಅಚ್ಚಿನಲ್ಲಿ ಸಣ್ಣ ಗೆರೆಗಳು ತುಂಬಿಹೋದರೆ ಮಸಿ ಜಾಸ್ತಿ. ಬಿಳಿ ಚುಕ್ಕೆ ಚುಕ್ಕೆ ಬಂದರೆ ಮಸಿ ಅಥವಾ ಒತ್ತಡ ಕಡಿಮೆ. 120ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ನುಣುಪು ಕಾಗದ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಒಂದು ಮೂಲೆ ಮಾತ್ರ ಎತ್ತಿ ನೋಡಿ, ಸಾಲದಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜಿ. ಒಣ ಗಾಳಿಯಲ್ಲಿ ಈ ಮಸಿ ಕೆಲವೇ ನಿಮಿಷದಲ್ಲಿ ಅಂಟು ಕಳೆದುಕೊಳ್ಳುತ್ತದೆ, ನೀರಿನ ಮಂಜು ಒಮ್ಮೆ ಸಿಂಪಡಿಸಿದರೆ ಸಾಕು.

ಕೆಲಸ ತಡೆಯುವುದು ಕೆತ್ತನೆಯಲ್ಲಲ್ಲ, ಮಸಿ ಮೇಜಿನಲ್ಲಿ ಸಾಲು ಬೆಳೆದು. ಹತ್ತು ಜನಕ್ಕೆ ಮೂರು ರೋಲರ್, ಮೂರು ಅಕ್ರಿಲಿಕ್ ತುಂಡು, ಉಜ್ಜಲು ಬೇರೆ ಸ್ವಚ್ಛ ಮೇಜು. ಹಾಲ್‌ಗೆ ಮರಳುವ ಬಾಗಿಲಲ್ಲಿ ಒದ್ದೆ ಬಟ್ಟೆ ಇಟ್ಟು ಕೈ ನೋಡಿ ಒಳಗೆ ಬಿಡಲು ಒಬ್ಬರು ನಿಂತಿರಲಿ.