ಮನೆ ಮುಂದಿನ ಪಾತಿಗೆ ವರ್ಷಗಟ್ಟಲೆ ಇರೋ ಹೂವಿನ ಗಿಡ ಯಾವುದು?

ಕೇಳಿದ್ದು, ಚಿತ್ರದುರ್ಗ: ಗೇಟಿನಿಂದ ಮೆಟ್ಟಿಲವರೆಗೆ ಹತ್ತಡಿ ಉದ್ದ, ಎರಡಡಿ ಅಗಲದ ಪಾತಿ ಇದೆ. ಕೆಂಪು ಮಣ್ಣು, ಬೋರ್ ನೀರು, ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುತ್ತದೆ. ಪ್ರತಿ ವರ್ಷ ಚೆಂಡುಹೂ ಹಾಕುತ್ತೇನೆ. ದೀಪಾವಳಿ ಮುಗಿದರೆ ಬರೀ ಒಣಕಡ್ಡಿ. ಕೇಪಳ ತಂದೆ, ಮೂರೇ ತಿಂಗಳಲ್ಲಿ ಎಲೆ ಹಳದಿಯಾಯಿತು. ಒಮ್ಮೆ ನೆಟ್ಟರೆ ಕೆಲವು ವರ್ಷ ಬಾಳೋ ಗಿಡ ಹೇಳಿ.

ಚಳ್ಳಕೆರೆಯಿಂದ: ಕೇಪಳದ ಎಲೆ ಒಂದು ಕಿತ್ತು ನೋಡಿ ಅಕ್ಕ. ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಡಸು ನೀರು ಸುರಿದೂ ಸುರಿದೂ ಬೇರಿಗೆ ಅದು ಸಿಗುವುದಿಲ್ಲ. ಕೇಪಳ ಹುಳಿ ಮಣ್ಣು ಕೇಳೋ ಗಿಡ, ನಮ್ಮ ಕಡೆ ಸುಮ್ನೆ ಹಟ ಮಾಡುತ್ತದೆ. ಅದನ್ನು ಕುಂಡಕ್ಕೆ ಹಾಕಿ, ಮಳೆನೀರು ಕೊಡಿ.

ಪಾತಿಗೆ ಕನಕಾಂಬರ ಹಾಕಿ. ಕಿತ್ತಳೆ ಬಣ್ಣದ ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ನಾನು ಮೊದಲು ಹಾಕಿದ್ದ ಆರು ಗಿಡ ಸೊರಗಿ ಹೋದವು. ಕಿತ್ತು ನೋಡಿದರೆ ಬೇರಿನ ತುಂಬಾ ಸಾಸಿವೆ ಕಾಳಿನಂಥ ಗಂಟು, ಜಂತುಹುಳದ ಕಾಟ. ಎರಡನೇ ಸಲ ಗುಂಡಿಗೆ ಬೇವಿನ ಹಿಂಡಿ ಹಾಕಿ, ನಡುನಡುವೆ ಚೆಂಡುಹೂ ನೆಟ್ಟೆ. ಈಗ ಮೂರನೇ ವರ್ಷ, ದಿನಾ ಮೊಳ ಹೂವಿಗೆ ಮೋಸವಿಲ್ಲ. ಹಾಗಾಗಿ ನಿಮ್ಮ ಚೆಂಡುಹೂ ಪೂರ್ತಿ ಬಿಡಬೇಡಿ.

ಬುಡಕ್ಕೆ ಶೇಂಗಾ ಸಿಪ್ಪೆ ಹರಡಿದರೆ ತೇವ ನಿಲ್ಲುತ್ತದೆ. ಆದರೆ ಕಾಂಡಕ್ಕೆ ತಾಗಿಸಬೇಡಿ, ನಮ್ಮಲ್ಲಿ ಗೆದ್ದಲು ಬಂದಿತ್ತು.

ದಾವಣಗೆರೆಯಿಂದ: ನಮ್ಮದು ಎರೆ ಮಣ್ಣು, ಮಳೆಗಾಲದಲ್ಲಿ ಕನಕಾಂಬರ ಕೊಳೆತೇ ಹೋಯಿತು. ನಿಮ್ಮ ಕೆಂಪು ಮಣ್ಣಿಗೆ ಆ ಭಯ ಕಡಿಮೆ. ಮೆಟ್ಟಿಲ ಕಡೆ ಒಂದು ದಾಸವಾಳ ಇರಲಿ. ಅದು ಹೂ ಬಿಡೋದು ಹೊಸ ಚಿಗುರಲ್ಲಿ, ಕತ್ತರಿ ಹಾಕೋಕೆ ಹೆದರಬೇಡಿ. ನಮ್ಮತ್ತೆ "ಹಸಿರು ಗಿಡ ಕಡಿಯಬಾರದು" ಅಂತ ಬಿಟ್ಟೂ ಬಿಟ್ಟೂ ಗಿಡ ಕಾಂಪೌಂಡ್ ದಾಟಿತು, ಹೂ ಎಲ್ಲಾ ಪಕ್ಕದ ಮನೆ ದೇವರಿಗೆ! ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೇಲೆ ಬಿಳಿ ಹಿಟ್ಟು ತಿಗಣೆ ಇದೆಯಾ ನೋಡಿ. ಆ ಕೊಂಬೆ ಕತ್ತರಿಸಿ, ಉಳಿದದ್ದಕ್ಕೆ ಬೇವಿನೆಣ್ಣೆಗೆ ಚೂರು ಸೋಪು ಸೇರಿಸಿ, ನೀರಲ್ಲಿ ಕಲಸಿ ಹೊಡೆಯಿರಿ.

ಹಿರಿಯೂರಿನಿಂದ: ಅಂಚಿಗೆ ನಿತ್ಯಪುಷ್ಪ ಸಾಕು, ಬಿದ್ದ ಬೀಜದಿಂದ ತಾನೇ ಹುಟ್ಟುತ್ತದೆ. ಸೇವಂತಿಗೆ ಹೂ ಮುಗಿದ ಮೇಲೆ ಕೀಳಬೇಡಿ, ಗೇಣುದ್ದ ಬಿಟ್ಟು ಕತ್ತರಿಸಿ. ಬುಡದಲ್ಲಿ ಮರಿ ಏಳುತ್ತವೆ, ಬಿಡಿಸಿ ನೆಡಬಹುದು. ಕಣಗಿಲೆ ಬಿಸಿಲಿಗೆ ಬಗ್ಗೋದಿಲ್ಲ ನಿಜ, ಆದರೆ ಎಲೆ, ಹೂ, ಕಡ್ಡಿ ಎಲ್ಲಾ ವಿಷ. ಚಿಕ್ಕ ಮಕ್ಕಳು ಓಡಾಡೋ ಮನೆ ಮುಂದೆ ನಾನಂತೂ ಹಾಕುವುದಿಲ್ಲ.

ಕೇಳಿದವರು: ಈಗ ತಾನೇ ಹೋಗಿ ನೋಡಿದೆ. ನರ ಹಸಿರೇ ಇದೆ! ಕೇಪಳ ನಾಳೆ ಕುಂಡಕ್ಕೆ. ದುರ್ಗದಲ್ಲಿ ಯಾರ ಮನೆಯಲ್ಲಾದರೂ ಡೆಲ್ಲಿ ಕನಕಾಂಬರ ಇದ್ದರೆ ನಾಲ್ಕು ಕಡ್ಡಿ ಕೊಡ್ತೀರಾ? ಬದಲಿಗೆ ಚೆಂಡುಹೂವಿನ ಬೀಜ ಬೊಗಸೆ ತುಂಬಾ ಇದೆ.