ಬಣ್ಣ ಏಳುತ್ತಿರುವ ಅಲಾಯ್ ಚಕ್ರಗಳಿಗೆ ಬಾಳಿಕೆ ಬರುವ ಕೆಲಸ ಯಾವುದು?

ಪ್ರಶ್ನೆ: ಕೋಟೆಬೆಟ್ಟ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾರಿನ 16 ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರಗಳು ಕಂಪನಿಯಿಂದಲೇ ಬಂದವು. ಬೆಳ್ಳಿ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಈಗ ನಟ್ ಗುಳಿಗಳ ಅಂಚಿನಲ್ಲಿ ಮತ್ತು ವಾಲ್ವ್ ಸುತ್ತಲೂ ಬಣ್ಣ ಗುಳ್ಳೆಯೆದ್ದಿದ್ದು, ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ಕ್ಲಿಯರ್ ಕೋಟ್‌ನ ಕೆಳಗೆ ಸಪೂರವಾದ ಬಿಳಿ ಗೆರೆಗಳು ಅಂಕುಡೊಂಕಾಗಿ ಹಬ್ಬುತ್ತಿವೆ. ಎಡಗಡೆಯ ಎರಡೂ ಚಕ್ರಗಳ ಅಂಚು ಫುಟ್‌ಪಾತ್ ಕಲ್ಲಿಗೆ ಉಜ್ಜಿ ತರಚಿದೆ, ಬಲ ಮುಂಚಕ್ರದ ಒಳಬದಿಯಲ್ಲಿ ಸಣ್ಣ ಬೆಂಡ್ ಕೂಡ ಇದೆ.

ಊರಿನ ಪೇಂಟರ್ ಒಬ್ಬರು ಟೈರ್ ಬಿಚ್ಚದೆಯೇ ಎಮರಿ ಪೇಪರ್ ಹೊಡೆದು, ಪುಟ್ಟಿ ತುಂಬಿ, ಸ್ಪ್ರೇ ಮಾಡಿಕೊಡುವುದಾಗಿ ಹೇಳುತ್ತಾರೆ. ಇನ್ನೊಬ್ಬರು ಟೈರ್ ಬಿಚ್ಚಿ, ಹಳೆಯ ಬಣ್ಣವನ್ನು ಪೂರ್ತಿ ತೆಗೆದು ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಒಲೆಯಲ್ಲಿ ಕರಗಿಸಿ ಹಿಡಿಸುವ ಲೇಪ) ಮಾಡಿಸಬೇಕೆನ್ನುತ್ತಾರೆ. ಖರ್ಚು ಬಹಳ ಹೆಚ್ಚು. ಸಂಡೂರು ಕಡೆಗೆ ಓಡಾಟ ಇರುವುದರಿಂದ ಕಬ್ಬಿಣದ ಅದಿರಿನ ಧೂಳು ತಪ್ಪಿದ್ದಲ್ಲ. ಹಣ ಹೆಚ್ಚಾದರೂ ಚಿಂತೆಯಿಲ್ಲ, ಕೆಲಸ ಕೆಲವು ವರ್ಷವಾದರೂ ನಿಲ್ಲಬೇಕು. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಲೇಪನ ಕೆಲಸದವನು, ತೋರಣಗಲ್ಲು

ಗುಳ್ಳೆಯ ಅಡಿಯಲ್ಲಿ ಬಿಳಿ ಪುಡಿ ಕಂಡಿದೆಯೆಂದ ಮೇಲೆ ಟೈರ್ ಬಿಚ್ಚದೆ ಮಾಡುವ ಕೆಲಸದ ವಿಚಾರವನ್ನು ಬಿಟ್ಟುಬಿಡಿ. ಅದು ಅಲ್ಯೂಮಿನಿಯಂ ಸವೆದು ಉಂಟಾದ ಪುಡಿ. ಲೇಪದಲ್ಲಿ ಎಲ್ಲೋ ಒಂದು ಗೀರು ಬಿದ್ದು, ಅಲ್ಲಿಂದ ತೇವ ಮತ್ತು ಉಪ್ಪಿನಂಶ ಒಳಗೆ ಇಳಿದು, ಲೋಹಕ್ಕೂ ಬಣ್ಣಕ್ಕೂ ನಡುವೆ ದಾರಿ ಮಾಡಿಕೊಂಡು ಹೋಗುವುದರಿಂದಲೇ ಆ ಅಂಕುಡೊಂಕು ಗೆರೆಗಳು ಮೂಡುತ್ತವೆ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ಸವಳು ಹಿಡಿದ ಗೋಡೆಗೆ ಸುಣ್ಣ ಬಳಿದಂತೆಯೇ, ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹೀಗಾಗಿ ಹಳೆಯ ಲೇಪವನ್ನು ಬರಿ ಲೋಹ ಕಾಣುವವರೆಗೆ ತೆಗೆಯುವುದು ಅನಿವಾರ್ಯ.

ಆದರೆ ತೆಗೆಯುವ ಬಗೆ ಮುಖ್ಯ. ನಮ್ಮ ಭಾಗದ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಡಸು ಕಾಳು ಹೊಡೆದು ಬಣ್ಣ ತೆಗೆಯುವ) ಯಾರ್ಡ್‌ಗಳಲ್ಲಿ ಹೆಚ್ಚಾಗಿ ಉಕ್ಕಿನ ಕಟ್ಟಡ ಸಾಮಗ್ರಿಯ ಕೆಲಸವೇ ನಡೆಯುತ್ತದೆ. ಉಕ್ಕಿನ ಮೇಲೆ ಹೊಡೆದ ಅದೇ ಕಾಳನ್ನು, ಅಥವಾ ಸ್ಟೀಲ್ ಶಾಟ್ (ಉಕ್ಕಿನ ಗುಂಡು) ಅನ್ನು, ಅಲಾಯ್ ಚಕ್ರಕ್ಕೂ ಹೊಡೆದರೆ ಕಬ್ಬಿಣದ ಕಣಗಳು ಮೆತ್ತನೆಯ ಅಲ್ಯೂಮಿನಿಯಂನೊಳಗೆ ಹುದುಗಿಕೊಳ್ಳುತ್ತವೆ. ಎರಡು ಬೇರೆ ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯಲು ಶುರುವಾಗುತ್ತದೆ; ಅಂದರೆ ಹೊಸ ಲೇಪದ ಅಡಿಯಲ್ಲಿ ನಾವೇ ಕೊರೆತದ ಬೀಜ ಬಿತ್ತಿದ ಹಾಗಾಯಿತು. ಬೇರೆಲ್ಲೂ ಬಳಸದ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾಜಿನ ಕಾಳನ್ನು ಕಡಿಮೆ ಒತ್ತಡದಲ್ಲಿ ಹೊಡೆಯಬೇಕು. ಉಕ್ಕಿನ ಬಣ್ಣ ತೆಗೆಯುವ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಅಲಾಯ್ ಚಕ್ರವನ್ನು ಅದ್ದುವುದಂತೂ ಕೂಡದು, ಏಕೆಂದರೆ ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ.

ಬ್ಲಾಸ್ಟಿಂಗ್ ಆದ ಕೂಡಲೇ ಚಕ್ರವನ್ನು ತೊಳೆದು, ಜಿಡ್ಡು ತೆಗೆದು, ಜಿರ್ಕೋನಿಯಂ ಅಥವಾ ಕ್ರೋಮೇಟ್ ಆಧಾರಿತ ರಾಸಾಯನಿಕ ಪದರವನ್ನು ಕೊಡಬೇಕು. ಬಣ್ಣ ಲೋಹವನ್ನು ಕಚ್ಚಿ ಹಿಡಿಯುವುದು ಈ ಪದರದಿಂದಲೇ, ಕಡಿಮೆ ದರ ಹೇಳುವವರು ಸದ್ದಿಲ್ಲದೆ ಬಿಟ್ಟುಬಿಡುವುದೂ ಇದನ್ನೇ. ಶುಚಿಗೊಂಡ ಚಕ್ರವನ್ನು ಬರಿಗೈಯಲ್ಲಿ ಮುಟ್ಟಬಾರದು, ರಾತ್ರಿಯಿಡೀ ಹಾಗೆಯೇ ಬಿಡಲೂಬಾರದು. ಎರಕದ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ, ಪೌಡರ್ ಹಾಕುವ ಮೊದಲು ಒಮ್ಮೆ ಬರಿ ಚಕ್ರವನ್ನೇ ಒಲೆಯಲ್ಲಿ ಕಾಯಿಸಿ ಒಳಗಿನ ಗಾಳಿ ಹೊರಹಾಕಬೇಕು. ಇಲ್ಲದಿದ್ದರೆ ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ನಂತರ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಲಿಯೆಸ್ಟರ್ ಬಣ್ಣ, ಕೊನೆಗೆ ಅಕ್ರಿಲಿಕ್ ಕ್ಲಿಯರ್ ಬರಬೇಕು. ಎಪಾಕ್ಸಿ ಬಿಸಿಲಿಗೆ ಸೀಮೆಸುಣ್ಣದಂತೆ ಪುಡಿಯಾಗುವುದರಿಂದ ನಮ್ಮ ಬಳ್ಳಾರಿಯ ಬಿಸಿಲಲ್ಲಿ ಅದನ್ನು ಮೇಲ್ಪದರವಾಗಿ ಬಿಡುವಂತಿಲ್ಲ.

ಒಲೆಯ ಶಾಖದ ಬಗ್ಗೆಯೂ ಕೇಳಿ. ಅಲಾಯ್ ಚಕ್ರಕ್ಕೆ ಕಾರ್ಖಾನೆಯಲ್ಲೇ ಶಾಖೋಪಚಾರ ಮಾಡಿ ಗಟ್ಟಿತನ ಕೊಟ್ಟಿರುತ್ತಾರೆ. ಪೌಡರ್ ಕರಗಿ ಗಟ್ಟಿಯಾಗಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಚಕ್ರದ ಬಲ ಕುಗ್ಗುತ್ತದೆ. ಒಲೆಯ ಗಾಳಿಯ ತಾಪವನ್ನಲ್ಲ, ಚಕ್ರದ ಲೋಹದ ತಾಪವನ್ನು ಅಳೆದು ಹೊತ್ತು ಲೆಕ್ಕ ಹಾಕುವವರ ಬಳಿಯೇ ಕೆಲಸ ಕೊಡಿ.

ಇನ್ನು ಪುಟ್ಟಿ. ಪೌಡರ್ ಹಿಡಿದು ನಿಲ್ಲುವುದು ವಿದ್ಯುದಾವೇಶದಿಂದ; ಸಾಧಾರಣ ಬಾಡಿ ಪುಟ್ಟಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಒಲೆಯ ಶಾಖವನ್ನೂ ಅದು ತಡೆಯುವುದಿಲ್ಲ. ಅಂಚಿನ ತರಚುಗಳನ್ನು ಅರದಿಂದ ಸವರಿ, ನಂತರ 120, 240, 400 ನಂಬರಿನ ಕಾಗದದಿಂದ ಕ್ರಮವಾಗಿ ಉಜ್ಜಿ, ಸುತ್ತಲಿನ ಮಟ್ಟಕ್ಕೆ ಬೆರೆಸಿದರೆ ಸಾಕು.

ಕೋಟೆಬೆಟ್ಟ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಹಾಗಾದರೆ ಬೆಂಡ್ ಆದ ಚಕ್ರದ ಗತಿಯೇನು? ಗ್ಯಾಸ್ ಕಟ್ಟರಿನಿಂದ ಕಾಯಿಸಿ ಸುತ್ತಿಗೆಯಲ್ಲಿ ನೇರ ಮಾಡಿಕೊಡುತ್ತೇವೆಂದು ಒಂದು ಕಡೆ ಹೇಳಿದರು.

ಉತ್ತರ: ಎಡದಂಡೆ, ಸಿಂಧನೂರು

ಅಲ್ಲಿಗೆ ಕೊಡಬೇಡಿ. ಅಲ್ಯೂಮಿನಿಯಂ ಕೆಂಪಗಾಗದೆಯೇ ಕರಗುವ ಹಂತ ತಲುಪುತ್ತದೆ, ಆದ್ದರಿಂದ ಕಣ್ಣಳತೆಯಲ್ಲಿ ಕಾಯಿಸುವವರಿಗೆ ಮಿತಿ ದಾಟಿದ್ದೇ ತಿಳಿಯುವುದಿಲ್ಲ. ಟೈರ್ ಬಿಚ್ಚಿಸಿ, ಬಣ್ಣ ತೆಗೆದ ಮೇಲೆ ಆ ಚಕ್ರಕ್ಕೆ ಮೊದಲು ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿ. ಕೆಂಪು ದ್ರವ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆಯುತ್ತಾರೆ. ಬಿರುಕಿದ್ದರೆ ಅದರೊಳಗೆ ಉಳಿದ ಕೆಂಪು, ಬಿಳಿಯ ಮೇಲೆ ಕೂದಲೆಳೆಯ ಗೆರೆಯಾಗಿ ನಿಧಾನವಾಗಿ ಒಸರುತ್ತದೆ. ಫ್ಯಾಬ್ರಿಕೇಷನ್ ಮತ್ತು ವೆಲ್ಡಿಂಗ್ ಕೆಲಸದವರ ಬಳಿ ಈ ಮೂರು ಡಬ್ಬಿಗಳು ಸಾಮಾನ್ಯವಾಗಿ ಇರುತ್ತವೆ.

ಬಿರುಕಿಲ್ಲದಿದ್ದರೆ, ಡಯಲ್ ಗೇಜ್ (ಎಷ್ಟು ಬಾಗಿದೆ ಎಂದು ತೋರಿಸುವ ಮಾಪಕ) ಇಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಸ್ವಲ್ಪಸ್ವಲ್ಪವೇ ಒತ್ತಿ ಸಣ್ಣ ಬೆಂಡನ್ನು ತೆಗೆಯಬಹುದು. ಕಡ್ಡಿಯಲ್ಲಾಗಲಿ, ನಟ್ ಗುಳಿಯ ಬಳಿಯಾಗಲಿ, ಒಳ ಬ್ಯಾರೆಲ್‌ನಲ್ಲಾಗಲಿ (ಟೈರ್ ಕೂರುವ ಒಳಸುತ್ತು) ಬಿರುಕು ಕಂಡರೆ ವೆಲ್ಡಿಂಗ್‌ಗೆ ಒಪ್ಪಬೇಡಿ. ಬೆಸುಗೆಯ ಶಾಖ ತಗುಲಿದಷ್ಟು ಭಾಗದಲ್ಲಿ ಕಾರ್ಖಾನೆ ಕೊಟ್ಟ ಗಟ್ಟಿತನ ಹೋಗಿರುತ್ತದೆ. ಆ ಒಂದು ಚಕ್ರವನ್ನು ಬದಲಾಯಿಸಿಬಿಡಿ. ಕುಟುಂಬ ಕೂರುವ ಗಾಡಿಯಲ್ಲಿ ಇದರ ಬಗ್ಗೆ ರಾಜಿ ಬೇಡವೆಂದು ಕಳಕಳಿಯಿಂದ ಹೇಳುತ್ತಿದ್ದೇನೆ.

ಹತ್ತಿರದಲ್ಲಿ ಸರಿಯಾದ ಪೌಡರ್ ಒಲೆ ಸಿಗದಿದ್ದರೆ ಎರಡು ಭಾಗ ಬೆರೆಸುವ ಪಾಲಿಯುರಿಥೇನ್ ಬಣ್ಣವೂ ಚೆನ್ನಾಗಿ ಬಾಳುತ್ತದೆ. ಅಡಿಯ ತಯಾರಿ ಮಾತ್ರ ಮೇಲಿನವರು ಹೇಳಿದಂತೆಯೇ ಇರಬೇಕು. ಅದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುವುದರಿಂದ ಮನೆಯಲ್ಲಿ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡುವ ಸಾಹಸ ಬೇಡ, ಅದು ಉಸಿರಾಟಕ್ಕೆ ಅಪಾಯಕಾರಿ. ಮುಖವನ್ನು ಲೇತಿನಲ್ಲಿ ಕೆತ್ತಿದ ಡೈಮಂಡ್ ಕಟ್ ಮಾದರಿಗೆ ಬದಲಾಯಿಸುವ ಆಸೆಯಿದ್ದರೆ ಅದನ್ನೂ ಬಿಡಿ. ಅಲ್ಲಿ ಹೊಳೆಯುವ ಲೋಹವನ್ನು ಕಾಯುವುದು ತೆಳ್ಳಗಿನ ಕ್ಲಿಯರ್ ಒಂದೇ, ಮತ್ತು ಪ್ರತಿ ಸಲ ಕೆತ್ತಿದಾಗಲೂ ಲೋಹ ಕಡಿಮೆಯಾಗುತ್ತದೆ.

ಉತ್ತರ: ಕೃಷ್ಣೆಯ ಬದಿ, ರಾಯಚೂರು

ಮೇಲಿನ ಮಾತುಗಳಿಗೆ ನನ್ನ ಸಹಮತವಿದೆ. ಧೂಳಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಸಂಡೂರಿನ ಕೆಂಪು ಅದಿರು ಈಗಾಗಲೇ ಆಕ್ಸೈಡ್ ಆಗಿರುವುದರಿಂದ ಅದು ಚಕ್ರದ ಮೇಲೆ ಹೊಸದಾಗಿ ತುಕ್ಕು ಹಿಡಿಯುವುದಿಲ್ಲ. ಅದರ ತೊಂದರೆ ಎಂದರೆ ಗಡಸುತನ. ಒಣಬಟ್ಟೆಯಿಂದ ಒರೆಸಿದಾಗ ಅದು ಕ್ಲಿಯರ್ ಕೋಟ್ ಅನ್ನು ಗೀರುತ್ತದೆ, ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯೂ ಹಾಗೆಯೇ. ಬ್ರೇಕಿನಿಂದ ಉದುರುವ ಪುಡಿಯಲ್ಲಿ ಮಾತ್ರ ನಿಜವಾದ ಕಬ್ಬಿಣವಿದ್ದು, ಅದು ಬಿಸಿಯಾಗಿಯೇ ಅಂಟಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮೊದಲು ನೀರು ಹಾಯಿಸಿ ಧೂಳನ್ನು ಇಳಿಸಿ, ಆಮೇಲೆ ಸೌಮ್ಯ ಶಾಂಪೂ ಹಾಕಿ ತೊಳೆಯಿರಿ. ಚಕ್ರ ಬಿಸಿಯಿದ್ದಾಗ ತೊಳೆಯಬೇಡಿ. ವಾಷಿಂಗ್ ಅಂಗಡಿಯವರು ಆಸಿಡ್ ಬೆರೆತ ಕ್ಲೀನರ್ ಹಾಕಲು ಬಂದರೆ ತಡೆಯಿರಿ. ಬೋರ್‌ವೆಲ್ ನೀರು ಸವಳಾಗಿದ್ದರೆ ಚಕ್ರದ ಮೇಲೆ ಒಣಗಲು ಬಿಡದೆ ಒರೆಸಿಬಿಡುವುದು ಒಳ್ಳೆಯದು. ನಿಮ್ಮ ವಾಲ್ವ್ ಸುತ್ತಲಿನ ಗುಳ್ಳೆಗೆ ಅಲ್ಲಿ ನಿಂತು ಒಣಗಿದ ನೀರಿನ ಉಪ್ಪೂ ಒಂದು ಕಾರಣವಾಗಿರಬಹುದು.

ಕೆಲಸಕ್ಕೆ ಕೊಡುವಾಗ ಹಬ್‌ಗೆ (ಗಾಡಿಯಲ್ಲಿ ಚಕ್ರ ಕೂರುವ ಭಾಗ) ತಾಗುವ ಹಿಂಬದಿ ಮತ್ತು ನಟ್ ಕೂರುವ ಗುಳಿಗಳನ್ನು ಮುಚ್ಚಿ ಲೇಪನ ಮಾಡುವಂತೆ ಬರೆದುಕೊಡಿ. ಅಲ್ಲಿ ದಪ್ಪ ಲೇಪ ಕೂತರೆ ಓಡಾಟದಲ್ಲಿ ಅದು ಒತ್ತಿ ತೆಳುವಾಗಿ ನಟ್ ಸಡಿಲವಾಗುತ್ತದೆ. ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಹೊಡೆಯುವ ತೂಕದ ಬದಲು ಒಳಬದಿಗೆ ಅಂಟಿಸುವ ತೂಕವನ್ನೇ ಕೇಳಿ, ಏಕೆಂದರೆ ಕ್ಲಿಪ್ ಹೊಡೆದ ಜಾಗದಲ್ಲೇ ಹೊಸ ಲೇಪ ಮೊದಲು ಒಡೆಯುತ್ತದೆ. ನಟ್‌ಗಳನ್ನು ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚ್‌ನಿಂದ (ಬಿಗಿತ ಅಳೆಯುವ ಪಾನಾ) ಬಿಗಿಸಿ, ಬಳ್ಳಾರಿಯಿಂದ ಹೊಸಪೇಟೆಗೆ ಒಮ್ಮೆ ಹೋಗಿ ಬರುವಷ್ಟು ಓಡಿಸಿದ ಮೇಲೆ ಮತ್ತೆ ಅದೇ ಅಳತೆಗೆ ಪರೀಕ್ಷಿಸಿ.

ಕೋಟೆಬೆಟ್ಟ

ಮೊದಲು ಬೆಂಡ್ ಆದ ಚಕ್ರವೊಂದನ್ನೇ ಬಿಚ್ಚಿಸಿ ಡೈ ಪರೀಕ್ಷೆಗೆ ಕೊಡುತ್ತೇನೆ. ಅದರ ಫಲಿತಾಂಶ ನೋಡಿಕೊಂಡು, ನಾಲ್ಕಕ್ಕೂ ಪೌಡರ್ ಕೋಟಿಂಗ್ ಮಾಡಿಸುವುದೋ, ಮೂರಕ್ಕೆ ಮಾಡಿಸಿ ಒಂದನ್ನು ಹೊಸದಾಗಿ ತರುವುದೋ ಎಂದು ನಿರ್ಧರಿಸುತ್ತೇನೆ. ಬ್ಲಾಸ್ಟಿಂಗ್‌ಗೆ ಯಾವ ಕಾಳು ಬಳಸುತ್ತಾರೆ, ರಾಸಾಯನಿಕ ಪದರ ಕೊಡುತ್ತಾರೋ ಇಲ್ಲವೋ, ಇವೆರಡನ್ನು ಕೇಳಿ ತಿಳಿದುಕೊಂಡೇ ದರದ ಮಾತಾಡುತ್ತೇನೆ.