ಇನ್‌ಡಿಸ್ಟ್ರಕ್ಟಿಬಲ್ ಇದ್ರೂ ಬೋರ್ಡ್ ಪೂರ್ತಿ ಹೋಯ್ತು, ಯಾವ ರೂಲ್ ಇದು?

ಹಸಿರುಡೆಕ್ಕು:
ತಲೆ ಕೆಟ್ಟು ಹೋಗಿದೆ. ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟ, ಕಮ್ಯಾಂಡರ್ ಮಾದರಿ, ನಾಲ್ಕು ಜನ. ಎದುರಾಳಿ ಅವನ ಟರ್ನಲ್ಲಿ ಡ್ಯಾಮ್ನೇಷನ್ (ಎಲ್ಲ ಕ್ರೀಚರನ್ನೂ ನಾಶ ಮಾಡೋ ಕಾರ್ಡ್) ಹಾಕ್ದ. ಅದಕ್ಕೆ ರೆಸ್ಪಾನ್ಸ್ ಆಗಿ ನಾನು ಹೀರೋಯಿಕ್ ಇಂಟರ್ವೆನ್ಷನ್ ಹಾಕ್ದೆ, ಅದ್ರಿಂದ ನನ್ನ ಕ್ರೀಚರೆಲ್ಲ ಆ ಟರ್ನ್ ಪೂರ್ತಿ ಇನ್‌ಡಿಸ್ಟ್ರಕ್ಟಿಬಲ್, ಅಂದ್ರೆ ನಾಶ ಆಗಲ್ಲ. ಯಾರೂ ತಡೀಲಿಲ್ಲ, ರಿಸಾಲ್ವ್ ಆಯ್ತು (ಜಾರಿಗೆ ಬಂತು). ಆದ್ರೂ ಏಳು ಕ್ರೀಚರಲ್ಲಿ ಆರು ಸತ್ವು. ಸತ್ತಿದ್ರಲ್ಲಿ ಡಾರ್ಕ್‌ಸ್ಟೀಲ್ ಕೊಲೋಸಸ್ಸೂ ಇದೆ, ಅದಕ್ಕೆ ಹುಟ್ಟಾ ಇನ್‌ಡಿಸ್ಟ್ರಕ್ಟಿಬಲ್! ಉಳಿದಿದ್ದು ಒಂದು ರೈನೋ ಟೋಕನ್ (ಬೇರೆ ಕಾರ್ಡ್ ಹುಟ್ಟಿಸಿದ ಕ್ರೀಚರ್). ಟೇಬಲಲ್ಲಿ ಮೂರೂ ಜನ "ಸರಿಯಾಗೇ ಇದೆ" ಅಂದ್ರು. ಏನ್ ಸರಿ?

ನಾಲ್ಕುಮಾನಾ:
ಡ್ಯಾಮ್ನೇಷನ್ ಕೊನೇ ಸಾಲು ಓದಿ. ರೀಜನರೇಟ್ ಮಾಡಂಗಿಲ್ಲ ಅಂತಿದೆ. ಅದೇ.

ಸ್ಟ್ಯಾಕ್‌ಮೇಷ್ಟ್ರು:
ಅದಲ್ಲ. ರೀಜನರೇಟ್ ಅಂದ್ರೆ ನಾಶ ಆಗೋ ಬದಲು ಕ್ರೀಚರ್ ಟ್ಯಾಪ್ ಆಗಿ (ಕಾರ್ಡ್ ಅಡ್ಡ ತಿರುಗಿ), ಮೇಲಿನ ಡ್ಯಾಮೇಜ್ ಅಳಿಸ್ಕೊಂಡು, ಕಾಂಬ್ಯಾಟಿಂದ ಆಚೆ ಬರೋದು. ಇನ್‌ಡಿಸ್ಟ್ರಕ್ಟಿಬಲಲ್ಲಿ ನಾಶವೇ ಆಗಲ್ಲ, "ಬದಲು" ಅನ್ನೋ ಮಾತೇ ಬರಲ್ಲ. ಆ ಸಾಲಿಗೂ ಇದಕ್ಕೂ ಸಂಬಂಧ ಇಲ್ಲ.

ಕಡಲತಡಿ:
ಮಾರಾಯ್ರೆ, ಅದು ಡ್ಯಾಮ್ನೇಷನ್ ಅಲ್ಲವೇ ಅಲ್ಲ, ಟಾಕ್ಸಿಕ್ ಡೆಲ್ಯೂಜ್ ಇರ್ಬೇಕು. ಹಾಕುವವ ಎಷ್ಟು ಲೈಫ್ ಕೊಡ್ತಾನೋ ಅದೇ ಎಕ್ಸ್, ಎಲ್ಲ ಕ್ರೀಚರಿಗೂ ಮೈನಸ್ ಎಕ್ಸ್. ಟಫ್‌ನೆಸ್ (ತಾಳುವ ಶಕ್ತಿ) ಸೊನ್ನೆ ಆದ್ರೆ ಸೀದಾ ಗ್ರೇವ್‌ಯಾರ್ಡ್ (ಸತ್ತ ಕಾರ್ಡುಗಳ ರಾಶಿ), ಅದು "ನಾಶ" ಅಲ್ಲ, ಹಾಗಾಗಿ ಇನ್‌ಡಿಸ್ಟ್ರಕ್ಟಿಬಲ್ ಕೆಲಸಕ್ಕೆ ಬರುದಿಲ್ಲ. ನೂರಕ್ಕೆ ತೊಂಬತ್ತು ಕೇಸು ಇದೇ.

ಹಸಿರುಡೆಕ್ಕು:
ಕಾರ್ಡ್ ಕೈಗೆ ತಗೊಂಡು ಓದಿದೀನಿ. ಡ್ಯಾಮ್ನೇಷನ್ನೇ. ಅದರ ಬೆಲೆ ನಾಲ್ಕು ಮಾನಾ, ಅದಕ್ಕೆ ಸರಿಯಾಗಿ ನಾಲ್ಕು ಲ್ಯಾಂಡ್ ಟ್ಯಾಪ್ ಮಾಡಿದ್ದ.

ಕಡಲತಡಿ:
ಇನ್ನೊಮ್ಮೆ ನೆನಪು ಮಾಡಿ ನೋಡಿ. ಡೆಲ್ಯೂಜ್ ಮೂರು ಮಾನಾ, ಒಂದು ಲ್ಯಾಂಡ್ ಬೇರೆ ಯಾವುದಕ್ಕೋ ಟ್ಯಾಪ್ ಆಗಿರ್ಬಹುದು.

ಸ್ಟ್ಯಾಕ್‌ಮೇಷ್ಟ್ರು:
ಕೊಲೋಸಸ್ 11/11, ಅಂದ್ರೆ ಟಫ್‌ನೆಸ್ 11. ಡೆಲ್ಯೂಜಲ್ಲಿ ಅದನ್ನ ಕೊಲ್ಲೋಕೆ 11 ಲೈಫ್ ಕೊಡ್ಬೇಕು. ಅಷ್ಟು ಕೊಟ್ಮೇಲೆ 4/4 ರೈನೋ ಹೇಗ್ರೀ ಉಳಿಯತ್ತೆ? ಡೆಲ್ಯೂಜ್ ವಿಚಾರ ಬಿಡಿ.

ಹಸಿರು ಅವರೇ, ಮೂರು ಪ್ರಶ್ನೆ. ಕೊಲೋಸಸ್ ಗ್ರೇವ್‌ಯಾರ್ಡಿಗೆ ಹೋಯ್ತಾ, ಲೈಬ್ರರಿಗೆ (ಕಾರ್ಡ್ ಎಳೆಯೋ ಕಟ್ಟಿಗೆ) ಶಫಲ್ ಮಾಡಿದ್ರಾ? ರೈನೋ ಎಲ್ಲಿಂದ ಬಂದಿದ್ದು? ಡ್ಯಾಮ್ನೇಷನ್ ಹಾಕಿದ ಮೇಲೆ ಅವನ ಹತ್ರ ಎಷ್ಟು ಲ್ಯಾಂಡ್ ಟ್ಯಾಪ್ ಆಗ್ದೆ ಇತ್ತು?

ಹಸಿರುಡೆಕ್ಕು:
ಗ್ರೇವ್‌ಯಾರ್ಡಿಗೆ. ಅದೂ ಯಾಕೋ ಗೊತ್ತಾಗ್ಲಿಲ್ಲ, ಶಫಲ್ ಆಗ್ಬೇಕಿತ್ತಲ್ವಾ? ರೈನೋ ಟೈಟನ್ ಆಫ್ ಇಂಡಸ್ಟ್ರಿಯಿಂದ ಬಂದಿದ್ದು, ಶೀಲ್ಡ್ ಕೌಂಟರೂ (ರಕ್ಷಣೆಯ ಗುರುತು) ಅದರ ಮೇಲೇ ಇಟ್ಟಿದ್ದೆ. ಅವನ ಹತ್ರ ಎರಡು ಲ್ಯಾಂಡ್ ಉಳಿದಿತ್ತು, ಅದ್ರಲ್ಲಿ ಏನೋ ನೀಲಿ ಎನ್‌ಚಾಂಟ್‌ಮೆಂಟ್ (ಬೋರ್ಡ್ ಮೇಲೆ ಉಳಿಯೋ ಮಂತ್ರ) ಫ್ಲ್ಯಾಶ್ ಮಾಡಿ, ಅಂದ್ರೆ ದಿಢೀರ್ ಇಳಿಸಿ, ಒಂದು ಕಾರ್ಡ್ ಎಳ್ಕೊಂಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದಕ್ಕೇ ಬರೀಲಿಲ್ಲ.

ಸ್ಟ್ಯಾಕ್‌ಮೇಷ್ಟ್ರು:
ಸಂಬಂಧ ಇಲ್ವಾ! ಅದು ಡ್ರೆಸ್ ಡೌನ್. ಕಾರ್ಡ್ ಎಳೆಯೋದು ಅದರ ಒಂದು ಸಾಲು ಅಷ್ಟೇ. ಕೆಳಗೆ "ಕ್ರೀಚರುಗಳು ಎಲ್ಲ ಎಬಿಲಿಟಿ ಕಳ್ಕೊಳ್ತವೆ" ಅಂತಿದೆ.

ನಡೆದಿದ್ದು ಇಷ್ಟು. ನಿಮ್ಮ ಇಂಟರ್ವೆನ್ಷನ್ ರಿಸಾಲ್ವ್ ಆಗಿ ಎಲ್ಲಕ್ಕೂ ಇನ್‌ಡಿಸ್ಟ್ರಕ್ಟಿಬಲ್ ಬಂತು. ಡ್ಯಾಮ್ನೇಷನ್ ಇನ್ನೂ ಸ್ಟ್ಯಾಕಲ್ಲೇ ಇದೆ (ಹಾಕಿದ ಕಾರ್ಡ್ ಜಾರಿಗೆ ಕಾಯೋ ಜಾಗ, ಕೊನೆಗೆ ಬಂದಿದ್ದು ಮೊದಲು ರಿಸಾಲ್ವ್). ಟರ್ನ್ ಅವನದು, ಪ್ರಯಾರಿಟಿ (ಮುಂದಿನ ಕಾರ್ಡ್ ಹಾಕೋ ಹಕ್ಕು) ಮೊದಲು ಅವನಿಗೆ. ಆಗ ಡ್ರೆಸ್ ಡೌನ್ ಇಳಿಸ್ದ. ಎಬಿಲಿಟಿ ಕೊಡೋದು, ಕಿತ್ಕೊಳ್ಳೋದು ಎರಡೂ ಆರನೇ ಲೇಯರಲ್ಲೇ (ಪರಿಣಾಮ ಲೆಕ್ಕ ಹಾಕೋ ಆರನೇ ಹಂತ) ನಡೆಯೋದು, ಅಲ್ಲಿ ಟೈಮ್‌ಸ್ಟ್ಯಾಂಪ್ ಲೆಕ್ಕ: ಕೊನೆಗೆ ಬಂದಿದ್ದು ಗೆಲ್ಲತ್ತೆ. ನೀವು ಕೊಟ್ಟಿದ್ದೂ ಹೋಯ್ತು, ಕೊಲೋಸಸ್ಸಿನ ಸ್ವಂತದ್ದೂ ಹೋಯ್ತು. ಗ್ರೇವ್‌ಯಾರ್ಡಿಗೆ ಹೋಗೋ ಬದಲು ಲೈಬ್ರರಿಗೆ ಶಫಲ್ ಆಗೋ ಅದರ ಎಬಿಲಿಟಿ ಕೂಡ ಹೋಯ್ತು, ಅದಕ್ಕೇ ಗ್ರೇವ್‌ಯಾರ್ಡ್.

ಒಂದು ವಿಷ್ಯ ಖಚಿತ ಮಾಡಿ. ಇಂಟರ್ವೆನ್ಷನ್ ಸ್ಟ್ಯಾಕಲ್ಲಿ ಇದ್ದಾಗಲೇ ಅವನು ಡ್ರೆಸ್ ಡೌನ್ ಹಾಕಿದ್ರೆ ಲೆಕ್ಕ ಉಲ್ಟಾ. ಆಗ ಡ್ರೆಸ್ ಡೌನ್ ಮೊದಲು ಇಳಿದು ನಿಮ್ಮದು ಆಮೇಲೆ ರಿಸಾಲ್ವ್ ಆಗತ್ತೆ, ಎಲ್ಲ ಉಳಿಯತ್ತೆ.

ಹಸಿರುಡೆಕ್ಕು:
ಇಲ್ಲ, ನಂದು ರಿಸಾಲ್ವ್ ಆದ್ಮೇಲೆ. ಕಾದಿದ್ದು ಹಾಕ್ದ ಹಾಗಾದ್ರೆ.

ಹಳೇಪೆಟ್ಟಿಗೆ:
ಇದು ತಪ್ಪು. ಇನ್‌ಡಿಸ್ಟ್ರಕ್ಟಿಬಲ್ ಎಬಿಲಿಟಿನೇ ಅಲ್ಲ, ಅದೊಂದು ಗುಣ. ಬೇರೆ ಸ್ಪೆಲ್ ಕೊಟ್ಟಿದ್ದನ್ನ "ಎಲ್ಲ ಎಬಿಲಿಟಿ" ಅಂದ್ರೂ ತೆಗೆಯೋಕಾಗಲ್ಲ. ನನ್ನ ಡಾರ್ಕ್‌ಸ್ಟೀಲ್ ಸೆಟ್ ಕಾರ್ಡುಗಳ ಮೇಲೆ ಹಾಗೇ ಅಚ್ಚಾಗಿದೆ.

ಸ್ಟ್ಯಾಕ್‌ಮೇಷ್ಟ್ರು:
ಸರ್, 2013ರವರೆಗೆ ನೀವು ಹೇಳೋದೇ ಸರಿ ಇತ್ತು. ಮ್ಯಾಜಿಕ್ 2014 ಸೆಟ್ ಬಂದಾಗ ಅದನ್ನ ಕೀವರ್ಡ್ ಎಬಿಲಿಟಿ ಮಾಡಿದ್ರು. 2004ರ ಕಾರ್ಡಿನ ಮೇಲೆ ಏನು ಅಚ್ಚಾಗಿದ್ರೂ ಲೆಕ್ಕಕ್ಕೆ ಬರೋದು ಒರಾಕಲ್ ಪಠ್ಯ, ಅಂದ್ರೆ ಕಾರ್ಡಿನ ಈಗಿನ ಅಧಿಕೃತ ಸಾಲು.

ಹಳೇಪೆಟ್ಟಿಗೆ:
ಅಚ್ಚಾಗಿರೋದು ಒಂದು, ಆಡೋದು ಇನ್ನೊಂದು ಆದ್ರೆ ಕಾರ್ಡ್ ಯಾಕೆ ಬೇಕು?

ನಾಲ್ಕುಮಾನಾ:
ಸರಿ, ಆದ್ರೆ ರೈನೋ ಉಳಿದಿದ್ದು ಹೇಗೆ?

ಸ್ಟ್ಯಾಕ್‌ಮೇಷ್ಟ್ರು:
ಶೀಲ್ಡ್ ಕೌಂಟರ್ ಕ್ರೀಚರಿಗೆ ಎಬಿಲಿಟಿ ಕೊಡಲ್ಲ. ನಾಶ ಆಗೋ ಬದಲು ಕೌಂಟರ್ ತೆಗೀಬೇಕು ಅನ್ನೋದು ಕೌಂಟರಿನ ರೂಲಲ್ಲೇ ಇದೆ, ಡ್ರೆಸ್ ಡೌನ್ ಅದನ್ನ ಮುಟ್ಟಲ್ಲ. ಕೌಂಟರ್ ಹೋಯ್ತು, ರೈನೋ ಉಳೀತು. ಡ್ರೆಸ್ ಡೌನ್ ಬರದೇ ಇದ್ದಿದ್ರೆ ಕೌಂಟರೂ ಉಳೀತಿತ್ತು, ಯಾಕಂದ್ರೆ ನಾಶವೇ ಆಗದ್ದಕ್ಕೆ ಬದಲಿ ಇಲ್ಲ. ಇಕೋರಿಯಾ ಸೆಟ್ಟಲ್ಲಿ ಶುರುವಾದ ಕೀವರ್ಡ್ ಕೌಂಟರುಗಳನ್ನ ಇದರ ಜೊತೆ ಕಲೆಸ್ಕೋಬೇಡಿ. ಇನ್‌ಡಿಸ್ಟ್ರಕ್ಟಿಬಲ್ ಕೌಂಟರ್ ಎಬಿಲಿಟಿನೇ ಕೊಡೋದು. ಡ್ರೆಸ್ ಡೌನ್ ಇಳಿಯೋಕೆ ಮುಂಚೆ ಇಟ್ಟಿದ್ರೆ ಅದು ದಂಡ.

ಹಸಿರುಡೆಕ್ಕು:
ಹಾಗಾದ್ರೆ ಏನ್ ಮಾಡ್ಬೇಕಿತ್ತು? ಇನ್ನೊಂದು ರಕ್ಷಣೆ ಕಾರ್ಡನ್ನ ಡ್ರೆಸ್ ಡೌನಿಗೆ ರೆಸ್ಪಾನ್ಸ್ ಆಗಿ?

ಸ್ಟ್ಯಾಕ್‌ಮೇಷ್ಟ್ರು:
ಎಲ್ರೂ ಮಾಡೋ ತಪ್ಪೇ ಅದು. ರೆಸ್ಪಾನ್ಸ್ ಆಗಿ ಹಾಕಿದ್ರೆ ನಿಮ್ಮದು ಮೊದಲು ರಿಸಾಲ್ವ್ ಆಗತ್ತೆ, ಟೈಮ್‌ಸ್ಟ್ಯಾಂಪ್ ಹಳೇದಾಗತ್ತೆ. ಡ್ರೆಸ್ ಡೌನ್ ಇಳೀಲಿ. ಅದರ ಕಾರ್ಡ್ ಎಳೆಯೋ ಟ್ರಿಗರ್ (ತಾನಾಗೇ ನಡೆಯೋ ಎಬಿಲಿಟಿ) ಸ್ಟ್ಯಾಕಲ್ಲಿ ಡ್ಯಾಮ್ನೇಷನ್ ಮೇಲೆ ಕೂರತ್ತೆ. ಅವನು ಪಾಸ್ ಮಾಡಿದ ಮೇಲೆ ನಿಮಗೆ ಪ್ರಯಾರಿಟಿ ಸಿಗತ್ತೆ, ಆಗ ಹಾಕಿ. ತಮಿಯೋಸ್ ಸೇಫ್‌ಕೀಪಿಂಗ್ ಆದ್ರೆ ಒಂದು ಹಸಿರು ಮಾನಾಗೆ ಒಂದೇ ಕ್ರೀಚರ್ ಉಳಿಯತ್ತೆ. ಅದೇ ಒಂದು ಮಾನಾದಲ್ಲಿ ನೇಚರ್ಸ್ ಕ್ಲೇಮ್ ಹಾಕಿ ಡ್ರೆಸ್ ಡೌನನ್ನೇ ಒಡೆದ್ರೆ ಇಂಟರ್ವೆನ್ಷನ್ ಕೊಟ್ಟಿದ್ದು ವಾಪಸ್ ಬರತ್ತೆ, ಟರ್ನ್ ಮುಗಿಯೋವರೆಗೂ ಇರತ್ತೆ, ಇಡೀ ಬೋರ್ಡ್ ಉಳಿಯತ್ತೆ. ಅವನಿಗೆ ನಾಲ್ಕು ಲೈಫ್ ಸಿಕ್ಕಿದ್ರೆ ಸಿಗ್ಲಿ.

ಕಾಂಬ್ಯಾಟಲ್ಲೂ ಹುಷಾರು. ಸಾಯೋವಷ್ಟು ಡ್ಯಾಮೇಜ್ ತಿಂದು ಇನ್‌ಡಿಸ್ಟ್ರಕ್ಟಿಬಲ್ ಬಲದಲ್ಲಿ ನಿಂತಿರೋ ಕ್ರೀಚರ್ ಇದ್ರೆ, ಡ್ರೆಸ್ ಡೌನ್ ಒಂದೇ ಸಾಕು, ಡ್ಯಾಮ್ನೇಷನ್ ಬೇಕಾಗಿಲ್ಲ. ಡ್ಯಾಮೇಜ್ ಅಳಿಸೋದು ಟರ್ನಿನ ಕೊನೇ ಕ್ಲೀನಪ್ ಸ್ಟೆಪ್ಪಲ್ಲಿ, ಅಲ್ಲಿವರೆಗೂ ಅದು ಮೈಮೇಲೇ ಇರತ್ತೆ.

ಕಡಲತಡಿ:
ಅವ ಡೆಲ್ಯೂಜ್ ಹಾಕಿದ್ರೆ ನಿಮ್ಮ ಈ ಕ್ಲೇಮು ಗೀಮು ಒಂದೂ ನಡೀಲಿಕ್ಕಿಲ್ಲ. ಅಷ್ಟೇ ನಾನು ಹೇಳಿದ್ದು.

ನಾಲ್ಕುಮಾನಾ:
ಅವನು ಡೆಲ್ಯೂಜ್ ಹಾಕ್ಲಿಲ್ವಲ್ಲ ಗುರು.

ಹಳೇಪೆಟ್ಟಿಗೆ:
ಕೊಲೋಸಸ್ 2004ರದ್ದಾ, ರೀಪ್ರಿಂಟಾ? ನಂದು ಮೊದಲ್ನೇ ಮುದ್ರಣದ ಫಾಯಿಲ್ (ಮಿನುಗೋ ಕಾರ್ಡ್), ಡಬಲ್ ಸ್ಲೀವ್ (ಎರಡು ಪ್ಲಾಸ್ಟಿಕ್ ಕವರ್), ಮೇಲೆ ಮ್ಯಾಗ್ನೆಟ್ ಕೇಸು. ಫಾಯಿಲ್ ಬಾಗದ ಹಾಗೆ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣನೂ ಇಟ್ಟಿದೀನಿ.

ನಾಲ್ಕುಮಾನಾ:
ಒಳಗಿನ ಸ್ಲೀವ್ ಯಾವ್ದು ಸರ್? ನನ್ನ ಫಾಯಿಲೆಲ್ಲ ಮಳೆಗಾಲದಲ್ಲಿ ಹಪ್ಪಳ ಆಗೋಗತ್ತೆ.